ಯಂತ್ರಕ್ಕಿಂತ ಮೊದಲು ಮಾತು



ನಮ್ಮ ಸಂಘದ ಕಟ್ಟಡದೊಳಗೆ ಈಗ ಇರುವ ಸಾಮಾನುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಲೀಟರ್ ಅಳತೆ ಪಾತ್ರೆಯ ಜಾಗಕ್ಕೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ಲ್ಯಾಕ್ಟೋಮೀಟರ್ ಇದ್ದ ಮೇಜಿನ ಮೇಲೆ ಹಾಲು ವಿಶ್ಲೇಷಕ ಯಂತ್ರ ಕುಳಿತಿದೆ. ಕೈಬರಹದ ಪುಸ್ತಕದ ಬದಲು ಕಂಪ್ಯೂಟರ್, ಅದರ ಪಕ್ಕದಲ್ಲಿ ಚೀಟಿ ಮುದ್ರಿಸುವ ಪ್ರಿಂಟರ್. ಕೆಲವು ಸಂಘಗಳಲ್ಲಿ ಕ್ಯಾನ್‌ಗಳ ಸಾಲು ಮಾಯವಾಗಿ ಬಿಎಂಸಿ ಶೀತಲೀಕರಣ ಘಟಕ ಬಂದಿದೆ. ಬಟವಾಡೆ ನಗದಿನಿಂದ ಬ್ಯಾಂಕ್ ಖಾತೆಗೆ ಹೋಗಿದೆ.

ಇಷ್ಟೆಲ್ಲ ಬದಲಾವಣೆಗಳು ಕೆಲವು ಊರುಗಳಲ್ಲಿ ಸುಸೂತ್ರವಾಗಿ ಜಾರಿಯಾಗುತ್ತವೆ. ಇನ್ನು ಕೆಲವು ಊರುಗಳಲ್ಲಿ ಅದೇ ಕಂಪನಿಯ ಅದೇ ಯಂತ್ರ ಬಂದ ವಾರದಲ್ಲೇ ಜಗಳ ಶುರುವಾಗುತ್ತದೆ. ಹಾಲು ಹಾಕುವವರು ಎರಡು ಪಕ್ಷವಾಗುತ್ತಾರೆ, ಕೆಲವರು ಖಾಸಗಿಯವರ ಕಡೆ ಮುಖ ಮಾಡುತ್ತಾರೆ. ಯಂತ್ರ ಒಂದೇ ಆಗಿದ್ದರೂ ಫಲ ಯಾಕೆ ಬೇರೆಯಾಗುತ್ತದೆ? ಆಡಳಿತ ಮಂಡಳಿಯವರು, ಕಾರ್ಯದರ್ಶಿಗಳು, ಹಾಲು ಪರೀಕ್ಷಕರು ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ದಿನಕ್ಕೆ ಎರಡು ಹೊತ್ತು ಹಾಲು ತರುವ ಸದಸ್ಯರು ಇದನ್ನು ಸೇರಿ ಯೋಚಿಸಬೇಕಾಗಿದೆ.

ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ

ಚಳ್ಳಕೆರೆ, ಮೊಳಕಾಲ್ಮೂರು ಮಳೆ ಕಡಿಮೆ ಬೀಳುವ ತಾಲ್ಲೂಕುಗಳು. ಶೇಂಗಾ ನಂಬಿ ಬದುಕಿದ ಸೀಮೆ ಇದು. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದೂ ಆ ಬೆಳೆಯಿಂದಲೇ. ಆದರೆ ಹೂವಾಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಬಿತ್ತನೆ ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ನಾವೆಲ್ಲ ಕಂಡಿದ್ದೇವೆ. ಅಂಥ ವರ್ಷದಲ್ಲಿ ಮನೆಯ ಸಂತೆ, ಮಕ್ಕಳ ಶಾಲೆ, ಆಸ್ಪತ್ರೆಯ ಖರ್ಚು ನಡೆಯುವುದು ಹಾಲಿನ ಬಟವಾಡೆಯಿಂದ. ಹೀಗಿರುವಾಗ ಸಂಘ ಒಡೆದರೆ ಕಟ್ಟಡಕ್ಕೆ ಬೀಗ ಬೀಳುವುದಷ್ಟೇ ಅಲ್ಲ, ಬರಗಾಲದಲ್ಲಿ ಕೈಹಿಡಿಯುವ ಒಂದೇ ಆದಾಯವೂ ಅಲುಗಾಡುತ್ತದೆ.

ನಮ್ಮ ಜನ ಬದಲಾವಣೆಗೆ ಒಗ್ಗುವುದಿಲ್ಲ ಎಂಬ ಮಾತನ್ನು ಕೆಲವರು ಹಗುರವಾಗಿ ಆಡುತ್ತಾರೆ. ಅದು ನಿಜವಲ್ಲ. ದೇವರ ಎತ್ತುಗಳನ್ನು ಇಂದಿಗೂ ಹಟ್ಟಿಗಳಲ್ಲಿ ಸಾಕುವ, ಕಿಲಾರಿಗಳು ಅವನ್ನು ಕಾಯುವ ಸೀಮೆ ಇದು. ಹಾಲು ಮಾರುವುದು ಸಲ್ಲದು, ಬೆಣ್ಣೆ ತುಪ್ಪವಾದರೆ ಮಾರಬಹುದು ಎಂಬ ನಂಬಿಕೆ ಹಿಂದೆ ಅನೇಕ ಮನೆಗಳಲ್ಲಿ ಇತ್ತು. ಅಂಥ ಕಡೆಯಲ್ಲೂ ಇಂದು ಬೆಳಗ್ಗೆ ಕ್ಯಾನ್ ಹಿಡಿದು ಡೇರಿಯ ಮುಂದೆ ಸಾಲು ನಿಲ್ಲುತ್ತಾರೆ. ಇದಕ್ಕಿಂತ ದೊಡ್ಡ ಬದಲಾವಣೆ ಯಾವುದಿದೆ? ನಮ್ಮ ಹಿರಿಯರು ಅದನ್ನು ಒಪ್ಪಿಕೊಂಡದ್ದು ಹೇಗೆ ಎಂದು ತಿಳಿದರೆ ಇಂದಿನ ಯಂತ್ರಗಳಿಗೂ ದಾರಿ ಕಾಣುತ್ತದೆ.

ಮೊದಲ ಬದಲಾವಣೆ ಗೆದ್ದದ್ದು ಹೇಗೆ

1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಹಾಲು ಗುತ್ತಿಗೆದಾರರ ಕಾಟ ತಾಳಲಾರದೆ 15 ದಿನ ಹಾಲು ಕೊಡದೆ ಮುಷ್ಕರ ಹೂಡಿದರು. ಅದೇ ವರ್ಷ ಡಿಸೆಂಬರ್ 14ರಂದು ಅವರ ಸಹಕಾರಿ ಒಕ್ಕೂಟ ನೋಂದಣಿಯಾಯಿತು. ಇಂದಿನ ಅಮುಲ್ ಬೆಳೆದದ್ದು ಆ ಬೇರಿನಿಂದ. ನಮ್ಮ ರಾಜ್ಯದಲ್ಲಿ ಮೊದಲ ಹೈನು ಸಹಕಾರ ಸಂಘ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆರಂಭವಾಯಿತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಹೈನುಗಾರಿಕೆ ಅಭಿವೃದ್ಧಿ ಯೋಜನೆ ಶುರುವಾಗಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು.

ಆನಂದ್ ಮಾದರಿ ಊರೂರಿಗೆ ಹಬ್ಬಲು ಕಾರಣವಾದದ್ದು ಭಾಷಣಗಳಿಗಿಂತ ಹೆಚ್ಚಾಗಿ ಡೇರಿಯ ಮೇಜು. ಹಾಲನ್ನು ಉತ್ಪಾದಕರ ಕಣ್ಣೆದುರೇ ಅಳೆಯಬೇಕು, ಕಣ್ಣೆದುರೇ ಪರೀಕ್ಷಿಸಬೇಕು, ಜಿಡ್ಡಿಗೆ ತಕ್ಕ ಬೆಲೆ ತಪ್ಪದೆ ಕೊಡಬೇಕು. ಯಾವ ಜಾತಿ, ಯಾವ ಕೇರಿ ಎಂಬ ಭೇದವಿಲ್ಲದೆ ಬಂದ ಸರದಿಯಲ್ಲೇ ಹಾಲು ತೆಗೆದುಕೊಳ್ಳಬೇಕು. ಜನ ಕಣ್ಣಾರೆ ಕಂಡರು, ಆಮೇಲೆ ನಂಬಿದರು. ನಮ್ಮ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತೆಂದು ಎಲ್ಲರ ಬಾಯಲ್ಲಿರುವ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ನುಡಿಗೂ ಈ ಪದ್ಧತಿಗೂ ದೂರವಿಲ್ಲ. ದುಡಿದದ್ದಕ್ಕೆ ತಕ್ಕಷ್ಟು ಸಿಗುತ್ತದೆ ಎಂಬ ಭರವಸೆ ಇರುವವರೆಗೆ ಜನ ಸಂಘ ಬಿಡುವುದಿಲ್ಲ.

ಪರೀಕ್ಷಕರ ಕೈಯಿಂದ ಪರದೆಯ ಅಂಕಿಗೆ

ಹಳೆಯ ಗರ್ಬರ್ ಪದ್ಧತಿ ನೆನಪಿದೆಯೇ? ಬ್ಯುಟಿರೋಮೀಟರ್ ಕೊಳವೆಗೆ 10 ಮಿಲೀ ಗಂಧಕಾಮ್ಲ, ಅದರ ಮೇಲೆ 10.75 ಮಿಲೀ ಹಾಲು, 1 ಮಿಲೀ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಕುಲುಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿ ಇಟ್ಟು, ಹಳದಿ ಜಿಡ್ಡಿನ ಕಂಬ ಎಲ್ಲಿಗೆ ನಿಂತಿದೆ ಎಂದು ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕಿತ್ತು. ಅದೊಂದು ಕುಶಲ ಕೆಲಸ. ಆಮ್ಲ ತಾಗಿ ಬೆರಳು ಸುಟ್ಟುಕೊಂಡ ಪರೀಕ್ಷಕರು ಎಷ್ಟೋ ಮಂದಿ. ಹಾಲು ಹಾಕಿದವರೂ ಬಗ್ಗಿ ಆ ಕಂಬವನ್ನು ನೋಡಬಹುದಿತ್ತು.

ಈಗ ವಿಶ್ಲೇಷಕ ಯಂತ್ರದ ಕೊಳವೆಗೆ ಮಾದರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಜಿಡ್ಡು ಮತ್ತು ಎಸ್‌ಎನ್‌ಎಫ್ ಅಂಕಿ ಪರದೆಯ ಮೇಲೆ ಬರುತ್ತದೆ. ಆಮ್ಲವಿಲ್ಲ, ಕಾಯುವುದಿಲ್ಲ. ಪ್ರತಿಯೊಬ್ಬರಿಗೂ ಅವರವರ ಹಾಲಿನ ಗುಣಮಟ್ಟಕ್ಕೆ ತಕ್ಕ ದರ ಅಲ್ಲಿಯೇ ಗೊತ್ತಾಗುತ್ತದೆ. ಅನುಕೂಲ ದೊಡ್ಡದು. ಆದರೆ ಕಣ್ಣಿಗೆ ಕಾಣುತ್ತಿದ್ದ ಜಿಡ್ಡಿನ ಕಂಬ ಹೋಗಿ, ಎಲ್ಲಿಂದ ಬಂತೆಂದು ತಿಳಿಯದ ಒಂದು ಅಂಕಿ ಆ ಜಾಗಕ್ಕೆ ಬಂದಿದೆ. ಆಗ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಆತಂಕ ಹುಟ್ಟುತ್ತದೆ.

ಪರೀಕ್ಷಕರಿಗೆ, ‘ಇಷ್ಟು ವರ್ಷ ಕಲಿತ ವಿದ್ಯೆಗೆ ಇನ್ನು ಬೆಲೆ ಇದೆಯೇ?’ ಎಂಬ ಚಿಂತೆ.

ಕಾರ್ಯದರ್ಶಿಗೆ, ‘ಕಂಪ್ಯೂಟರ್ ಬಾರದಿದ್ದರೆ ನನ್ನ ಕೆಲಸ ಹೋಗುತ್ತದೆಯೇ? ತಪ್ಪಾದರೆ ಊರೆಲ್ಲ ನನ್ನನ್ನೇ ಬೈಯುತ್ತದೆಯೇ?’ ಎಂಬ ಅಳುಕು.

ಹಾಲು ತರುವವರಿಗೆ, ‘ನಿನ್ನೆ ಬಂದ ಜಿಡ್ಡು ಇವತ್ತು ಯಾಕೆ ಬರಲಿಲ್ಲ? ಯಂತ್ರ ತಪ್ಪೋ, ಮನುಷ್ಯರು ತಪ್ಪೋ?’ ಎಂಬ ಅನುಮಾನ.

ಆಡಳಿತ ಮಂಡಳಿಗೆ, ‘ಖರ್ಚು ಮಾಡಿ ತಂದದ್ದಕ್ಕೆ ಬೈಗುಳವೇ ಗತಿಯೇ?’ ಎಂಬ ಬೇಸರ.

ಇವುಗಳಲ್ಲಿ ಯಾವುದೂ ಹಟದ ಮಾತಲ್ಲ. ಪ್ರತಿಯೊಂದೂ ಉತ್ತರ ಕೇಳುವ ಪ್ರಶ್ನೆ. ಉತ್ತರ ಸಿಗದ ಪ್ರಶ್ನೆಯೇ ಮುಂದೆ ಜಗಳವಾಗುತ್ತದೆ.

ಪೈಜಾಮ ಕಾರ್ಖಾನೆಯ ಪಾಠ

ಇದೇ ಸಮಸ್ಯೆಯನ್ನು ಅಮೆರಿಕದ ಒಂದು ಕಾರ್ಖಾನೆಯಲ್ಲಿ ಎಪ್ಪತ್ತು ವರ್ಷಗಳಿಗೂ ಹಿಂದೆ ಪರೀಕ್ಷಿಸಿ ನೋಡಿದ್ದಾರೆ. ವರ್ಜೀನಿಯಾ ರಾಜ್ಯದ ಮೇರಿಯನ್ ಎಂಬ ಪಟ್ಟಣದಲ್ಲಿ ಹಾರ್ವುಡ್ ಎಂಬ ಪೈಜಾಮ ತಯಾರಿಸುವ ಕಾರ್ಖಾನೆ ಇತ್ತು. ಕೆಲಸಗಾರರಲ್ಲಿ ಹೆಚ್ಚಿನವರು ಮಹಿಳೆಯರು. ಮಾಡಿದ ಸಂಖ್ಯೆಗೆ ತಕ್ಕಂತೆ ಕೂಲಿ. ನಮಗೆ ಜಿಡ್ಡಿಗೆ ತಕ್ಕ ಬೆಲೆ ಇರುವ ಹಾಗೆ, ಅಳತೆಯಲ್ಲೇ ಅವರ ಅನ್ನ ಇತ್ತು. ಕೆಲಸದ ವಿಧಾನ ಸ್ವಲ್ಪ ಬದಲಾದರೂ ಉತ್ಪಾದನೆ ಕುಸಿಯುತ್ತಿತ್ತು, ಜನ ಕೆಲಸ ಬಿಡುತ್ತಿದ್ದರು.

ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಎಂಬಿಬ್ಬರು ಮೂರು ರೀತಿಯಲ್ಲಿ ಬದಲಾವಣೆ ತಂದು ನೋಡಿ, ಫಲಿತಾಂಶವನ್ನು 1948ರಲ್ಲಿ ಪ್ರಕಟಿಸಿದರು. ಮೊದಲ ಗುಂಪಿನವರು ಇಸ್ತ್ರಿ ಮಾಡಿದ ಬಟ್ಟೆಯನ್ನು ಅರ್ಧ ಡಜನ್‌ನಂತೆ ರಟ್ಟಿನ ಮೇಲೆ ಜೋಡಿಸುತ್ತಿದ್ದರು. ಇನ್ನು ಮುಂದೆ ಪೆಟ್ಟಿಗೆಯೊಳಗೆ ಜೋಡಿಸಬೇಕು ಎಂದು ಅವರನ್ನು ಕರೆದು ಹೇಳಲಾಯಿತು. ಹೊಸ ದರವನ್ನೂ ವಿವರಿಸಲಾಯಿತು, ಅಷ್ಟೇ. ಎರಡನೆಯ ರೀತಿಯಲ್ಲಿ ಸಮಸ್ಯೆಯನ್ನು ಗುಂಪಿನ ಮುಂದೆ ಇಟ್ಟು, ಗುಂಪು ಆರಿಸಿದ ಪ್ರತಿನಿಧಿಗಳ ಜೊತೆ ಸೇರಿ ಹೊಸ ವಿಧಾನ ರೂಪಿಸಲಾಯಿತು. ಮೂರನೆಯ ರೀತಿಯಲ್ಲಿ ಗುಂಪಿನ ಪ್ರತಿಯೊಬ್ಬರೂ ಸೇರಿ ರೂಪಿಸಿದರು.

ಹೇಳಿ ಕಳಿಸಿದ ಗುಂಪಿನಲ್ಲಿ ಮೊದಲ 40 ದಿನಗಳಲ್ಲೇ ಶೇ. 17ರಷ್ಟು ಜನ ಕೆಲಸ ಬಿಟ್ಟರು, ಉಳಿದವರ ಕೆಲಸ ಹಳೆಯ ಮಟ್ಟಕ್ಕೆ ಏರಲೇ ಇಲ್ಲ. ಪ್ರತಿನಿಧಿಗಳ ಮೂಲಕ ನಿರ್ಧರಿಸಿದ ಗುಂಪು 14 ದಿನಗಳಲ್ಲಿ ಹಳೆಯ ಮಟ್ಟ ಮುಟ್ಟಿತು. ಎಲ್ಲರೂ ಸೇರಿ ನಿರ್ಧರಿಸಿದ ಗುಂಪುಗಳು ಅದಕ್ಕಿಂತ ಬೇಗ ಚೇತರಿಸಿಕೊಂಡು ಹಳೆಯ ಮಟ್ಟವನ್ನೂ ದಾಟಿದವು. ಎರಡೂವರೆ ತಿಂಗಳ ನಂತರ, ಸೋತ ಆ ಮೊದಲ ಗುಂಪಿನಲ್ಲಿ ಉಳಿದವರನ್ನು ಮತ್ತೊಂದು ಹೊಸ ಕೆಲಸಕ್ಕೆ ಹಾಕಿದರು. ಈ ಸಲ ಎಲ್ಲರನ್ನೂ ಕೂರಿಸಿ, ಕೇಳಿ, ಸೇರಿಸಿಕೊಂಡು. ಅದೇ ಜನ ಬೇಗನೆ ಚೇತರಿಸಿಕೊಂಡರು. ಅಂದರೆ ಜನರಲ್ಲಿ ದೋಷ ಇರಲಿಲ್ಲ, ಬದಲಾವಣೆ ತಂದ ರೀತಿಯಲ್ಲಿ ಇತ್ತು.

ಅಲ್ಲಿ ಇನ್ನೊಂದು ಉಪಾಯವನ್ನೂ ಮಾಡಿದ್ದರು. ಒಂದೇ ತರಹದ ಎರಡು ಉಡುಪನ್ನು ಮುಂದಿಟ್ಟು, ಇವುಗಳಲ್ಲಿ ಅಗ್ಗದ್ದು ಯಾವುದು ಎಂದು ಕೇಳಿದರು. ಯಾರಿಗೂ ಗುರುತಿಸಲಾಗಲಿಲ್ಲ. ಒಂದು 1946ರಲ್ಲಿ ದುಪ್ಪಟ್ಟು ಬೆಲೆಗೆ ಮಾರಾಟವಾದದ್ದು, ಇನ್ನೊಂದು 1947ರದು. ಮಾರುಕಟ್ಟೆಯಲ್ಲಿ ಬೆಲೆ ಹೇಗೆ ಇಳಿದಿದೆ, ಖರ್ಚು ಯಾಕೆ ತಗ್ಗಿಸಬೇಕು ಎಂಬುದು ಭಾಷಣವಿಲ್ಲದೆ ತಿಳಿಯಿತು. ನಾವೂ ಸಭೆಯಲ್ಲಿ ಎರಡು ಲೋಟ ಹಾಲಿಟ್ಟು ಯಾವುದರಲ್ಲಿ ಜಿಡ್ಡು ಹೆಚ್ಚು ಎಂದು ಕೇಳಬಹುದು. ಕಣ್ಣಿಗೆ ಎರಡೂ ಒಂದೇ. ಎಲ್ಲರ ಎದುರೇ ಪರೀಕ್ಷೆ ಮಾಡಿ ತೋರಿಸಿದರೆ, ಅಳೆಯುವ ಸಾಧನ ಯಾಕೆ ಬೇಕು ಎಂದು ಬಿಡಿಸಿ ಹೇಳಬೇಕಾಗುವುದಿಲ್ಲ.

ಅರ್ಧ ಜಗಳ ಯಂತ್ರದ್ದಲ್ಲ, ಹಾಲಿನದು

ಯಂತ್ರ ತಪ್ಪು ತೋರಿಸುವುದು ಸಾಧ್ಯ. ಹಾಲಿನಲ್ಲಿ ಗಾಳಿ ಗುಳ್ಳೆ ಇದ್ದರೆ, ಹಾಲು ಹುಳಿಯಾಗಿದ್ದರೆ, ಕೊಳವೆ ಸರಿಯಾಗಿ ತೊಳೆಯದಿದ್ದರೆ, ವಿದ್ಯುತ್ ಏರಿಳಿತ ಇದ್ದರೆ, ಸಕಾಲಕ್ಕೆ ಹೊಂದಾಣಿಕೆ ಮಾಡಿಸದಿದ್ದರೆ ಅಂಕಿ ಆಚೀಚೆ ಆಗುತ್ತದೆ. ಇದನ್ನು ಮುಚ್ಚಿಡಬಾರದು.

ಅದರ ಜೊತೆಗೆ ಹಾಲಿನ ಗುಣ ದಿನದಿಂದ ದಿನಕ್ಕೆ ನಿಜವಾಗಿಯೂ ಬದಲಾಗುತ್ತದೆ ಎಂಬುದೂ ಎಲ್ಲರಿಗೂ ತಿಳಿದಿರಬೇಕು. ರಾತ್ರಿಯ ಅಂತರ ಹೆಚ್ಚಿರುವುದರಿಂದ ಬೆಳಗಿನ ಹಾಲು ಹೆಚ್ಚು, ಜಿಡ್ಡು ತುಸು ಕಡಿಮೆ. ಸಂಜೆಯ ಹಾಲಿನಲ್ಲಿ ಜಿಡ್ಡು ತುಸು ಹೆಚ್ಚು. ಹಿಂಡುವಾಗ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಅದರ ಹಲವು ಪಟ್ಟು. ಕೊನೆಯ ಹಾಲನ್ನು ಕರುವಿಗೆ ಬಿಟ್ಟರೆ ಡೇರಿಗೆ ಬರುವ ಹಾಲಿನ ಜಿಡ್ಡು ಇಳಿಯುವುದು ಸಹಜ. ಬೇಸಿಗೆಯ ಬಿಸಿಲಿಗೆ ರಾಸು ಮೇವು ಕಡಿಮೆ ತಿಂದರೆ ಎಸ್‌ಎನ್‌ಎಫ್ ಕುಗ್ಗುತ್ತದೆ. ಒಣಮೇವು ಸಾಲದೆ ಹಿಂಡಿ, ದಾಣಿಯೇ ಹೆಚ್ಚಾದರೆ ಜಿಡ್ಡು ಇಳಿಯುತ್ತದೆ. ಕ್ಯಾನಿನಲ್ಲಿ ನಿಂತ ಹಾಲನ್ನು ಚೆನ್ನಾಗಿ ಕಲಕದೆ ಮೇಲಿನಿಂದ ಮಾದರಿ ತೆಗೆದರೆ ಒಂದು ಅಂಕಿ, ತಳದಿಂದ ತೆಗೆದರೆ ಇನ್ನೊಂದು.

ಅಂಕಿಯ ವ್ಯತ್ಯಾಸ ಸಣ್ಣದೆಂದು ತಳ್ಳಿಹಾಕುವುದೂ ಸರಿಯಲ್ಲ. ಒಂದು ಮನೆಯಿಂದ ದಿನಕ್ಕೆ 10 ಲೀಟರ್ ಹಾಲು ಬರುತ್ತದೆ ಎಂದುಕೊಳ್ಳಿ. ತೂಕದಲ್ಲಿ ಅದು ಸುಮಾರು 10.3 ಕಿಲೋ. ಜಿಡ್ಡಿನ ಅಂಕಿ 0.2 ತಪ್ಪಿದರೆ ದಿನಕ್ಕೆ ಸುಮಾರು 20 ಗ್ರಾಂ, ತಿಂಗಳಿಗೆ ಸುಮಾರು 600 ಗ್ರಾಂ ಜಿಡ್ಡಿನ ಲೆಕ್ಕ ತಪ್ಪುತ್ತದೆ. ಒಂದು ಹಸು ಕಟ್ಟಿದ ಮನೆಗೆ ಇದು ನಿಜವಾದ ದುಡ್ಡು. ಆದ್ದರಿಂದ ಯಾರಾದರೂ ಬಂದು ಕೇಳಿದರೆ, ಕೇಳುವುದು ಅವರ ಹಕ್ಕು ಎಂದು ತಿಳಿಯಬೇಕು.

ಹದಿನೈದು ದಿನ ಜೋಡಿಯಾಗಿ ನಡೆಸಿ

ಹೊಸ ಯಂತ್ರ ಬಂದ ದಿನವೇ ಹಳೆಯದನ್ನು ಅಟ್ಟಕ್ಕೆ ಹಾಕಬೇಡಿ. ಸಾಧ್ಯವಾದರೆ ಹದಿನೈದು ದಿನ ಎರಡೂ ಜೊತೆಯಾಗಿ ನಡೆಯಲಿ. ದಿನಕ್ಕೆ ಐದಾರು ಮಾದರಿಗಳನ್ನು ಚೀಟಿ ಎತ್ತಿ ಆರಿಸಿ, ಯಂತ್ರದಲ್ಲಿಯೂ ಗರ್ಬರ್ ಪದ್ಧತಿಯಲ್ಲಿಯೂ ಪರೀಕ್ಷಿಸಿ, ಎರಡು ಅಂಕಿಯನ್ನೂ ಫಲಕದ ಮೇಲೆ ಬರೆಯಿರಿ. ವ್ಯತ್ಯಾಸ ಹೆಚ್ಚು ಕಂಡರೆ ವಿಸ್ತರಣಾಧಿಕಾರಿಗಳಿಗೆ ತಿಳಿಸಿ ಹೊಂದಾಣಿಕೆ ಮಾಡಿಸಿ. ಮಾದರಿಯನ್ನು ಒಕ್ಕೂಟದ ಪ್ರಯೋಗಾಲಯಕ್ಕೂ ಕಳಿಸಬಹುದು.

ಈ ಕೆಲಸಕ್ಕೆ ಹಳೆಯ ಪರೀಕ್ಷಕರಿಗಿಂತ ಯೋಗ್ಯರು ಯಾರಿದ್ದಾರೆ? ಯಂತ್ರವನ್ನು ತೂಗಿ ನೋಡುವ ಅಧಿಕಾರ ಅವರ ಕೈಗೆ ಬಂದರೆ, ಅವರ ವಿದ್ಯೆಯೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಮುಂದೆಯೂ ವಾರಕ್ಕೊಮ್ಮೆ ಈ ತಾಳೆ ನಡೆಯಲಿ. ಕಾರ್ಯದರ್ಶಿಗೆ ತರಬೇತಿ ಯಂತ್ರ ಬಂದ ಮೇಲೆ ಕೊಡುವುದಕ್ಕಿಂತ ಬರುವ ಮುಂಚೆಯೇ ಕೊಡಿಸಬೇಕು. ಎಲ್ಲರೂ ನೋಡುತ್ತಿರುವಾಗ ಕಲಿಯಬೇಕಾದ ಕಷ್ಟ ಯಾರಿಗೂ ಬೇಡ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಹೇಳಬೇಕಾದದ್ದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆಸುವ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ. ಸಂಘದ ಫಲಕವೂ ಹಾಗೆ ಕಾಣುವ ಜಾಗದಲ್ಲಿ ಇರಲಿ.

ಹಾಲು ಕರೆಯುವ ಕೈಗಳನ್ನು ಕೇಳಿದ್ದೀರಾ?

ಬಿಎಂಸಿ ಬಂದರೆ ಹಾಲು ಬೇಗ 4 ಡಿಗ್ರಿಗೆ ತಣಿಯುತ್ತದೆ, ಕೆಡುವುದು ತಪ್ಪುತ್ತದೆ. ಕೆಚ್ಚಲಿನಿಂದ ಬಂದ ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಾಣುಗಳು ಬಹಳ ಬೇಗ ದ್ವಿಗುಣವಾಗುತ್ತಾ ಹೋಗುತ್ತವೆ, ನಮ್ಮ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಆದರೆ ಬಿಎಂಸಿ ಜೊತೆಗೆ ಸಂಗ್ರಹಣೆಯ ಸಮಯವೂ ಬದಲಾಗಬಹುದು. ಅಕ್ಕಪಕ್ಕದ ಹಟ್ಟಿಗಳಿಂದ ಹಾಲು ಒಂದೇ ಘಟಕಕ್ಕೆ ಬರಬೇಕಾದಾಗ ಅರ್ಧ ಗಂಟೆ ಬೇಗ ಹಾಲು ಕರೆಯಬೇಕಾಗಬಹುದು. ಆ ಅರ್ಧ ಗಂಟೆ ಯಾರ ನಿದ್ದೆಯದು, ಯಾರ ಅಡುಗೆಯ ಹೊತ್ತಿನದು? ಹೆಚ್ಚಿನ ಮನೆಗಳಲ್ಲಿ ಹಾಲು ಕರೆಯುವವರು, ಸಗಣಿ ಬಾಚುವವರು, ಮೇವು ಹಾಕುವವರು ಹೆಣ್ಣುಮಕ್ಕಳು. ಸಭೆಗೆ ಬಂದು ಕೈ ಎತ್ತುವವರು ಗಂಡಸರು.

ಬಟವಾಡೆಯ ಮಾತೂ ಹೀಗೆಯೇ. ರಾಜ್ಯ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ, 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ಅದು ನೇರವಾಗಿ ಉತ್ಪಾದಕರ ಬ್ಯಾಂಕ್ ಖಾತೆಗೆ ಬರುವುದರಿಂದ ಸೋರಿಕೆ ತಪ್ಪಿದೆ. ಇದು ಒಳ್ಳೆಯ ಬದಲಾವಣೆ. ಆದರೆ ಮೊದಲು ಡೇರಿಯ ಮೇಜಿನಲ್ಲಿ ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದ ತಾಯಿಯ ಕೈಗೆ ಈಗ ಆ ದುಡ್ಡು ಸೇರುತ್ತಿದೆಯೇ? ಸದಸ್ಯತ್ವ ಮತ್ತು ಖಾತೆ ಮನೆಯ ಗಂಡಸಿನ ಹೆಸರಿನಲ್ಲಿದ್ದರೆ, ದುಡಿದವರು ಒಬ್ಬರು, ದುಡ್ಡಿನ ಲೆಕ್ಕ ಕಾಣುವವರು ಇನ್ನೊಬ್ಬರು ಆಗುತ್ತಾರೆ. ಹಾಲು ಕರೆಯುವವರ ಹೆಸರಿನಲ್ಲೇ ಸದಸ್ಯತ್ವ, ಅವರದೇ ಖಾತೆ ಮಾಡಿಸುವುದು ಇದಕ್ಕೆ ನೇರವಾದ ಪರಿಹಾರ. 1986-87ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ಟೆಪ್ ಯೋಜನೆಯ ನೆರವಿನಿಂದ ರಾಜ್ಯದಲ್ಲಿ ಅನೇಕ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿದವು. ಅಲ್ಲಿ ಹಾಲು ಕರೆಯುವವರೂ ನಿರ್ಧಾರ ಮಾಡುವವರೂ ಒಬ್ಬರೇ. ಸಮಯ ಬದಲಾವಣೆಯಂಥ ವಿಷಯ ಅಲ್ಲಿ ಸುಲಭವಾಗಿ ಇತ್ಯರ್ಥವಾಗಲು ಅದೇ ಕಾರಣ. ಉಳಿದ ಸಂಘಗಳು ಕನಿಷ್ಠ ಸಭೆಯ ಹೊತ್ತನ್ನಾದರೂ ಸಂಜೆ ಹಾಲು ಹಾಕಿದ ಮೇಲೆ, ಡೇರಿಯ ಮುಂದೆಯೇ ಇಟ್ಟುಕೊಳ್ಳಬಹುದು.

ಆಡಳಿತ ಮಂಡಳಿಯ ಗಮನಕ್ಕೆ

ಹೊಸ ಯಂತ್ರ, ಹೊಸ ಸಮಯ, ಹೊಸ ಬಟವಾಡೆ, ಯಾವುದನ್ನೇ ತರುವ ಮುನ್ನ ಈ ಆರು ಕೆಲಸ ಮುಗಿಸಿಕೊಳ್ಳಿ.

1. ಖರೀದಿ ಆದೇಶಕ್ಕೆ ಮೊದಲೇ ಸಭೆ ಕರೆಯಿರಿ. ಈಗಿನ ಪದ್ಧತಿಯಲ್ಲಿ ಏನು ತೊಂದರೆ ಇದೆ ಎಂದು ಸದಸ್ಯರೇ ಹೇಳಲಿ.

2. ಪ್ರತಿ ಕೇರಿಯಿಂದ, ಪ್ರತಿ ಹಟ್ಟಿಯಿಂದ ಒಬ್ಬರಂತೆ ಸದಸ್ಯರೇ ಪ್ರತಿನಿಧಿಗಳನ್ನು ಆರಿಸಲಿ. ಅವರಲ್ಲಿ ಅರ್ಧದಷ್ಟಾದರೂ ಹಾಲು ಕರೆಯುವ ಮಹಿಳೆಯರಿರಲಿ.

3. ಕಾರ್ಯದರ್ಶಿ, ಪರೀಕ್ಷಕ, ಸಹಾಯಕರಿಗೆ ಬದಲಾವಣೆಯ ನಂತರ ಅವರ ಕೆಲಸ ಏನು ಎಂದು ಬರವಣಿಗೆಯಲ್ಲಿ ತಿಳಿಸಿ. ತರಬೇತಿಗೆ ಒಕ್ಕೂಟದ ಶಿಬಿರ ಕಚೇರಿಯನ್ನು ಕೇಳಿ.

4. ಹದಿನೈದು ದಿನ ಹಳೆಯದು, ಹೊಸದು ಎರಡನ್ನೂ ನಡೆಸಿ, ಅಂಕಿಗಳನ್ನು ಫಲಕದ ಮೇಲೆ ಬರೆಯಿರಿ.

5. ದೂರು ಬಂದರೆ ಯಾರು, ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಎಂದು ಮೊದಲೇ ನಿಗದಿ ಮಾಡಿ. ಕರೆಂಟ್ ಹೋದಾಗ, ಯಂತ್ರ ಕೆಟ್ಟಾಗ ಹಾಲಿಗೆ ಯಾವ ಲೆಕ್ಕದಲ್ಲಿ ದರ ಎಂಬುದೂ ತೀರ್ಮಾನವಾಗಿರಲಿ.

6. ಮೂರು ತಿಂಗಳ ನಂತರ ಮತ್ತೆ ಸಭೆ ಸೇರಿ, ಒಪ್ಪಿಗೆಯಾಗದ್ದನ್ನು ತಿದ್ದಿ.

ಹಾಲು ಹಾಕುವ ಸದಸ್ಯರೂ ತಮ್ಮ ಪಾಲಿನ ಕೆಲಸ ಮಾಡಬೇಕು. ಮುದ್ರಿತ ಚೀಟಿಯನ್ನು ಡೇರಿಯ ಬಾಗಿಲಲ್ಲೇ ಬಿಸಾಡದೆ ವಾರದ ಚೀಟಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಅಂಕಿ ಇಳಿದರೆ ಮೊದಲು ಮೇವು, ಕರು, ಹಿಂಡುವ ರೀತಿ ನೋಡಿ. ಆಮೇಲೂ ಅನುಮಾನ ಉಳಿದರೆ ಕಟ್ಟೆಯ ಮೇಲೆ ಮಾತಾಡುವ ಬದಲು ನಿಮ್ಮ ಪ್ರತಿನಿಧಿಯ ಜೊತೆ ಬಂದು ಮರುಪರೀಕ್ಷೆ ಕೇಳಿ. ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಲೆಕ್ಕಪತ್ರ ಓದಿ ಮುಗಿದ ಮೇಲೆ, ಪರೀಕ್ಷೆಯ ಪದ್ಧತಿ ಕುರಿತು ಚರ್ಚೆಗೆ ಒಂದು ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸುವಂತೆ ಈಗಲೇ ನಿಮ್ಮ ಕಾರ್ಯದರ್ಶಿಗೆ ಬರೆದು ಕೊಡಿ.